ಊಟ ಮಾಡಿ ಮಲಗಿಲ್ಲ!

"ಅವನು ರಾತ್ರಿ ಊಟ ಮಾಡಿ ಮಲಗಿಲ್ಲ ಕಣೋ" ಅಂತ ಅಮ್ಮ ತಮ್ಮನ ಬಗ್ಗೆ ಫೋನಲ್ಲಿ ಹೇಳಿದರೆ ಏನರ್ಥ? ಉಂಡ, ಆದ್ರೆ ಮಲಗಿಲ್ಲವಾ? ಉಣ್ಣದೇ ಮಲಗಿದನಾ? ಅಥವಾ ಎರಡೂ ಇಲ್ಲವಾ? ಇಂಥದ್ದೇ ಒಂದು 'ಇಲ್ಲ' ಆಫೀಸಲ್ಲಿ ನನ್ನ ಮಾನ ಕಳೆದ ಕಥೆ ಇದು.

ರೂಬಿಯಲ್ಲಿ ಟೆಸ್ಟ್ ಬರೆಯೋಕೆ ಆರ್‌ಸ್ಪೆಕ್ ಅಂತ ಒಂದು ಲೈಬ್ರರಿ ಇದೆ. 'ಇದು ಹೀಗಿರಬೇಕು' ಅಂತ ಮಾತಾಡಿದ ಹಾಗೇ ಟೆಸ್ಟ್ ಬರೀಬಹುದು. 'ಹೀಗೆ' ಅನ್ನೋ ಭಾಗವೇ ಮ್ಯಾಚರ್. ಅದನ್ನ ನಾವೇ ನಾಲ್ಕು ಸಾಲಲ್ಲಿ ಮಾಡ್ಕೋಬಹುದು: 'ಡಿಫೈನ್' ಅಂತ ಹೆಸರು ಕೊಟ್ಟು, 'ಮ್ಯಾಚ್' ಬ್ಲಾಕಿನಲ್ಲಿ ಹೌದೋ ಅಲ್ಲವೋ ಹೇಳಿದರೆ ಮುಗೀತು.

ನಾನೂ 'ಪೂರ್ತಿ ರೀಫಂಡ್ ಆಗಿದೆ' ಅಂತ ಒಂದು ಮ್ಯಾಚರ್ ಮಾಡಿದೆ. ಒಳಗೆ ಎರಡು ಷರತ್ತು: ಸ್ಟೇಟಸ್ ರೀಫಂಡ್ ಅಂತಿರಬೇಕು, ಮತ್ತು ಕಟ್ಟಿದಷ್ಟೂ ಹಣ ವಾಪಸ್ ಹೋಗಿರಬೇಕು. ಹತ್ತಾರು ಕಡೆ ಇದ್ದ ಸಾಲುಗಳು ಒಂದೊಂದೇ ಆದವು. ಭಾರೀ ಖುಷಿ! ಅದೇ ಖುಷಿಯಲ್ಲಿ ಇನ್ನೊಂದು ಟೆಸ್ಟ್ ಬರೆದೆ: ಸಾಮಾನು ಕಳಿಸಿ ಆದಮೇಲೆ ಕ್ಯಾನ್ಸಲ್ ಮಾಡಿದರೆ ರೀಫಂಡ್ ಆಗಿರಬಾರದು. ಅದೇ ಮ್ಯಾಚರ್, ಮುಂದೆ ಒಂದು 'ನಾಟ್'. ಹಸಿರು ಬಂತು.

ಎರಡು ವಾರ ಆದಮೇಲೆ ಅಕೌಂಟ್ಸ್ ಮೇಡಂ ಬಂದು ಕೇಳಿದ್ರು, "ಏನ್ರೀ, ಸಾಮಾನೂ ಕೊಟ್ಟು ದುಡ್ಡೂ ಕೊಡ್ತಿದ್ದೀರಲ್ಲ?"

ಆಗಿದ್ದಿಷ್ಟು. 500 ರೂಪಾಯಿ ಕಟ್ಟಿದವರಿಗೆ ನಮ್ಮ ಕೋಡ್ ಡೆಲಿವರಿ ಚಾರ್ಜ್ ಹಿಡ್ಕೊಂಡು 460 ವಾಪಸ್ ಕೊಡ್ತಿತ್ತು. 460 'ಪೂರ್ತಿ' ಅಲ್ಲವಲ್ಲ, ಹಾಗಾಗಿ ಮ್ಯಾಚರ್ 'ಅಲ್ಲ' ಅಂತು. 'ನಾಟ್' ಅದನ್ನ ತಿರುಗಿಸಿ 'ಪಾಸ್' ಅಂತು. ಎರಡರಲ್ಲಿ ಒಂದು ಷರತ್ತು ಬಿದ್ದರೂ 'ನಾಟ್' ಗೆದ್ದುಬಿಡುತ್ತೆ. ಊಟ ಮಾಡಿ ಮಲಗಿಲ್ಲ!

ಇದಕ್ಕೆ ಮದ್ದು 2014ರಲ್ಲಿ ಬಂದ ಆರ್‌ಸ್ಪೆಕ್ 3ರಲ್ಲೇ ಇದೆ: 'ಮ್ಯಾಚ್ ವೆನ್ ನೆಗೇಟೆಡ್' ಅನ್ನೋ ಬೇರೆ ಬ್ಲಾಕ್. ಅಲ್ಲಿ 'ಸ್ಟೇಟಸ್ಸೂ ರೀಫಂಡ್ ಅಲ್ಲ, ವಾಪಸ್ ಹೋದ ಹಣವೂ ಸೊನ್ನೆ' ಅಂತ ಬಿಡಿಸಿ ಬರೆದೆ. ಈಗ 460ರ ಕೇಸು ಎರಡೂ ಕಡೆ ಫೇಲ್ ಆಗುತ್ತೆ, ಆಗಲೇಬೇಕು. ಫೇಲಾದಾಗ ಬರೋ ಮೆಸೇಜಿಗೂ ಸ್ಟೇಟಸ್ಸು, ಹಣ ಎರಡನ್ನೂ ಸೇರಿಸಿದೆ.

ಈಗೊಂದು ಅಭ್ಯಾಸ ಆಗಿದೆ. ಮ್ಯಾಚರ್ ಬರೆದ ಕೂಡಲೇ ಬೇಕಂತಲೇ ತಪ್ಪು ಡೇಟಾ ಕೊಟ್ಟು ಕೆಂಪು ಬರುತ್ತಾ ನೋಡ್ತೀನಿ. ಕೆಂಪು ಕಾಣದ ಹಸಿರನ್ನ ನಂಬಲ್ಲ.

ಅಂದಹಾಗೆ, ತಮ್ಮ ಅವತ್ತು ಉಣ್ಣದೇ ಮಲಗಿದ್ದನಂತೆ :)