ಹೆದರೋದು ನಾವು, ಅವರಲ್ಲ

ಕೆ.ಆರ್. ಪೇಟೆಯಿಂದ ನಾಗಮಂಗಲಕ್ಕೆ ಹೋಗೋ ಬಸ್ಸಲ್ಲಿ ಕೂತು ತೇಜಸ್ವಿಯವರ ‘ಜುಗಾರಿ ಕ್ರಾಸ್’ ಕಾದಂಬರಿ ಮತ್ತೆ ಓದ್ತಾ ಇದ್ದೀನಿ. ಕಂಡಕ್ಟರ್ ಟಿಕೆಟ್‌ಗೆ ಎರಡು ಸಲ ಕೂಗಬೇಕಾಯ್ತು, ಪಾಪ.

ಈಗಷ್ಟೇ ಹೊಳೀತು. ಈ ಕಾದಂಬರಿಯಲ್ಲಿ ಹೆದರಿ ಸಾಯೋರು ನಾವು ಕಣ್ರೀ, ಪಾತ್ರಗಳಲ್ಲ! ಏಲಕ್ಕಿ ಬೆಳೆಯೋ ಸುರೇಶ, ಗೌರಿ ತಮ್ಮ ಪಾಡಿಗೆ ತಾವು ಹೊರಟಿದ್ದಾರೆ. ಸುತ್ತ ಏನು ನಡೀತಿದೆ ಅಂತ ನಮಗೆ ಗೊತ್ತು, ಅವರಿಗೆ ಅರ್ಧಂಬರ್ಧ. ತೇಜಸ್ವಿ ಮಾತ್ರ ಏನೂ ಆಗೇ ಇಲ್ಲ ಅನ್ನೋ ಥರ, ಜಗಲಿ ಮೇಲೆ ಕೂತು ಹರಟೆ ಹೊಡೆಯೋ ದನಿಯಲ್ಲಿ ಹೇಳ್ಕೊಂಡು ಹೋಗ್ತಾರೆ. ಇಡೀ ಕಥೆ ಹೆಚ್ಚುಕಮ್ಮಿ ಒಂದೇ ದಿನದ್ದು, ಆದರೂ ಮನುಷ್ಯನಿಗೆ ಅವಸರವೇ ಇಲ್ಲ. ನಮ್ಮೆದೆ ಡವಡವ ಅನ್ನೋ ಹೊತ್ತಿಗೆ ಸರಿಯಾಗಿ ಏಲಕ್ಕಿ ವ್ಯಾಪಾರದ ಒಳಗುಟ್ಟೋ, ಹಳಗನ್ನಡ ಕಾವ್ಯದ ಒಗಟೋ ಶುರು. ‘ಅಯ್ಯೋ, ಮುಂದೇನಾಯ್ತು ಹೇಳಿ ಸ್ವಾಮಿ’ ಅಂತ ಪುಟ ಹಾರಿಸಿದ್ರೋ, ಕೆಟ್ಟಿರಿ. ಕಥೆಯಲ್ಲಿ ಬರೋ ಬೆಲೆಬಾಳೋ ಕೆಂಪುಕಲ್ಲಿನ ಸುಳಿವು ಆ ಕಾವ್ಯದೊಳಗೇ ಇರೋದು.

1994ರ ಪುಸ್ತಕ, ಇನ್ನೂ ಹಳಸಿಲ್ಲ. ನಮ್ಮ ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿ ಚಂದ್ರಶೇಖರ್ ಮೇಷ್ಟ್ರು ಚಿರಂಜೀವಿ ಸರ್ಜಾನ ಹಾಕ್ಕೊಂಡು ಇದನ್ನ ಸಿನಿಮಾ ಮಾಡೋಕೆ ಹೊರಟಿದ್ರು. 2020ರಲ್ಲಿ ಚಿರು ಹೋಗಿಬಿಟ್ಟರು. ಯಾರೇ ಮಾಡಲಿ, ರೈಲು, ಸುರಂಗ, ಕೊಲೆಗಡುಕರು ಎಲ್ಲಾ ತೆರೆ ಮೇಲೆ ಬರ್ತಾರೆ. ಆ ಉದಾಸೀನದ ದನಿ ತರೋದು ಹೇಗೆ? ನನಗಂತೂ ಅನುಮಾನ.

ಓದಿರೋರು ನಿಜ ಹೇಳಿ, ನೀವು ಯಾವ ಪುಟ ಹಾರಿಸಿದ್ರಿ?