ಒಂದನೆಯ ತರಗತಿಗೊಂದು ಪದವಿ

ಮಗುವನ್ನು ಮೊದಲ ಸಲ ಶಾಲೆಗೆ ಕಳುಹಿಸುವ ದಿನ ಹೊಸ ಪಾಟಿ, ಹೊಸ ಚೀಲ ಕೊಡಿಸಿ, ಬಾಯಿಗೆ ಸಕ್ಕರೆ ಹಾಕಿ, ಮನೆಮಂದಿಯೆಲ್ಲ ಬಾಗಿಲವರೆಗೆ ಬಂದು ಬೀಳ್ಕೊಡುವ ವಾಡಿಕೆ ನಮ್ಮ ಸಮಾಜದ ಮನೆಗಳಲ್ಲಿ ಇಂದಿಗೂ ಉಳಿದಿದೆ. ಆದರೆ ಆ ಮಗುವನ್ನು ಶಾಲೆಯ ಒಳಗೆ ಬರಮಾಡಿಕೊಳ್ಳುವ ಗುರು ಯಾರು, ಅವರು ಏನನ್ನು ಕಲಿತು ಬಂದಿದ್ದಾರೆ ಎಂದು ವಿಚಾರಿಸುವವರು ವಿರಳ. ಅದೇ ಮಗು ಬೆಳೆದು ಕಾಲೇಜು ಸೇರುವಾಗ ಅಲ್ಲಿನ ಉಪನ್ಯಾಸಕರ ಪದವಿಗಳನ್ನು ಒಂದೊಂದಾಗಿ ಎಣಿಸಿ ನೋಡುತ್ತಾರೆ. ಅಕ್ಷರ ತಿದ್ದಿಸುವವರ ವಿದ್ಯೆಯ ವಿಚಾರ ಬಂದಾಗ ಮಾತ್ರ, 'ಸಣ್ಣ ಮಕ್ಕಳಿಗೆ ಕಲಿಸಲು ಎಷ್ಟು ಓದಿದರೆ ಸಾಕಲ್ಲ!' ಎಂಬ ಉದ್ಗಾರ ಕೇಳಿಬರುತ್ತದೆ. ಈ ಉದ್ಗಾರ ಎಷ್ಟು ಸರಿ ಎಂಬುದನ್ನು ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗದ ಮೂಲಕ ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ನಾವು ರಾಯಚೂರು ನಗರದಲ್ಲಿ ನೆಲೆಸಿದವರು. ಹಿರಿಯರ ಹೊಲಮನೆ ದೇವದುರ್ಗದ ಕಡೆಗಿದ್ದು, ನಮ್ಮ ತಮ್ಮ ಅದನ್ನು ನೋಡಿಕೊಂಡಿದ್ದಾನೆ. ಅವನ ಹಿರಿಯ ಮಗಳಿಗೆ ಚಿಕ್ಕಂದಿನಿಂದಲೂ ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂಡಿಸಿ ಮಗ್ಗಿ ಹೇಳಿಸುವ ಹವ್ಯಾಸ. ಒಂದನೆಯ ತರಗತಿಯ ಅಕ್ಕೋರಾಗಬೇಕೆಂಬುದು ಅವಳ ಒಂದೇ ಆಸೆ. ಪಿ.ಯು.ಸಿ. ಮುಗಿದ ಮೇಲೆ ಪದವಿ ಪಡೆದಳು. 2020ರಲ್ಲಿ ಬಿ.ಎಡ್. ತರಬೇತಿಗೆ ಸೇರಿ ಎರಡು ವರ್ಷ ನಮ್ಮ ಮನೆಯಲ್ಲಿಯೇ ಉಳಿದು ಅದನ್ನೂ ಪೂರೈಸಿದಳು.

ಹೆಣ್ಣುಮಗಳೊಬ್ಬಳು ಹೀಗೆ ಊರ ಸಮೀಪದಲ್ಲಿಯೇ ಪದವಿಯವರೆಗೆ ಓದುವುದು ನಮ್ಮ ಸೀಮೆಗೆ ಸಹಜವಾಗಿ ಒದಗಿಬಂದ ಸೌಭಾಗ್ಯವಲ್ಲ. 1948ರ ಸೆಪ್ಟೆಂಬರ್ 17ರವರೆಗೆ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಮೇಲಿನ ತರಗತಿಗಳ ಓದು ಉರ್ದುವಿನಲ್ಲಿ. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಅದೇ. ಅಂಥ ಕಾಲದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿ ನಡೆಸಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 1956ರ ಏಕೀಕರಣದ ಬಳಿಕವೂ ಪದವಿಗಾಗಿ ಧಾರವಾಡದ ಕಡೆಗೆ ಮುಖ ಮಾಡಬೇಕಿತ್ತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2021ರಲ್ಲಿ ರಾಯಚೂರು, ಯಾದಗಿರಿ ಜಿಲ್ಲೆಗಳಿಗಾಗಿ ರಾಯಚೂರು ವಿಶ್ವವಿದ್ಯಾಲಯವೇ ತಲೆಯೆತ್ತಿತು. ಇಂದು ಅದು ಮಹರ್ಷಿ ವಾಲ್ಮೀಕಿಯವರ ಹೆಸರನ್ನು ಹೊತ್ತಿದೆ. ಹೀಗೆ ವಿಶ್ವವಿದ್ಯಾಲಯ ನಮ್ಮ ಮನೆಬಾಗಿಲಿಗೆ ಬಂದಿದೆ. ಒಂದನೆಯ ತರಗತಿ ಮಾತ್ರ ಅದರಿಂದ ದೂರವೇ ಉಳಿದಿದೆ.

ಈ ದೂರ ಎಂಥದೆಂಬುದು ನಮ್ಮ ಮಗಳಿಗೆ 2023ರ ಆಗಸ್ಟ್ ತಿಂಗಳಿನಲ್ಲಿ ತಿಳಿಯಿತು. ಒಂದರಿಂದ ಐದನೆಯ ತರಗತಿಯವರೆಗೆ ಕಲಿಸಲು ಪಿ.ಯು.ಸಿ. ಆದ ಮೇಲೆ ಎರಡು ವರ್ಷದ ಪ್ರತ್ಯೇಕ ತರಬೇತಿ ಬೇಕೆಂಬುದು ಹಿಂದಿನಿಂದ ಬಂದ ಕ್ರಮ. ಅದನ್ನು ಹಿಂದೆ ಟಿ.ಸಿ.ಎಚ್. ಎನ್ನುತ್ತಿದ್ದರು, ಆಮೇಲೆ ಡಿ.ಎಡ್. ಆಯಿತು, ಈಗ ಡಿ.ಎಲ್.ಎಡ್. ಎಂದು ಕರೆಯುತ್ತಾರೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2018ರ ಜೂನ್ 28ರ ಅಧಿಸೂಚನೆಯಲ್ಲಿ, ಬಿ.ಎಡ್. ಆದವರೂ ಈ ತರಗತಿಗಳಿಗೆ ಅರ್ಹರೆಂದೂ, ನೇಮಕವಾದ ಎರಡು ವರ್ಷದೊಳಗೆ ಆರು ತಿಂಗಳ ಪೂರಕ ತರಬೇತಿ ಪಡೆದರಾಯಿತೆಂದೂ ಹೇಳಿತು. ನಮ್ಮ ಮಗಳು ಬಿ.ಎಡ್. ಸೇರಿದಾಗ ಜಾರಿಯಲ್ಲಿದ್ದುದು ಈ ನಿಯಮವೇ. ಆದರೆ ರಾಜಸ್ಥಾನದ ಉಚ್ಚ ನ್ಯಾಯಾಲಯ ಆ ಅಧಿಸೂಚನೆಯನ್ನು 2021ರಲ್ಲಿ ರದ್ದುಪಡಿಸಿತು. 2023ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ಬಿ.ಎಡ್. ತರಬೇತಿಯು ಎಳೆಯ ಮಕ್ಕಳಿಗೆ ಕಲಿಸುವ ವಿದ್ಯೆಯನ್ನು ಕೊಡುವುದಿಲ್ಲ, ಕಡ್ಡಾಯ ಶಿಕ್ಷಣದ ಹಕ್ಕೆಂದರೆ ಗುಣಮಟ್ಟದ ಶಿಕ್ಷಣದ ಹಕ್ಕೂ ಹೌದು ಎಂಬುದು ಅದರ ತಿರುಳು. ಅದಕ್ಕೆ ಮೊದಲೇ ನೇಮಕಗೊಂಡಿದ್ದವರಿಗೆ ಮುಂದೆ ರಕ್ಷಣೆ ದೊರೆಯಿತು. ನೇಮಕಾತಿಗಾಗಿ ಕಾಯುತ್ತಿದ್ದವರಿಗೆ ಆ ಬಾಗಿಲು ಮುಚ್ಚಿತು.

ಆರರಿಂದ ಎಂಟನೆಯ ತರಗತಿಗಳ ದಾರಿ ಅವಳಿಗೆ ತೆರೆದೇ ಇತ್ತು. ಅದಕ್ಕೆ ಪದವಿಯೂ ಬಿ.ಎಡ್. ಕೂಡ ಸಾಕು. 2022ರಲ್ಲಿ ರಾಜ್ಯ ಸರ್ಕಾರ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಅರ್ಜಿ ಕರೆದಾಗ, ಅವುಗಳಲ್ಲಿ 5,000 ಹುದ್ದೆಗಳು ಕಲ್ಯಾಣ ಕರ್ನಾಟಕಕ್ಕೆ ಇದ್ದವು. ಮನೆಯ ಹಿರಿಯರೆಲ್ಲ ಅವಳು ಆ ದಾರಿಯನ್ನೇ ಹಿಡಿಯಲೆಂದು ಬಯಸಿದರು. ಆದರೆ ಅವಳು ಮತ್ತೆ ಎರಡು ವರ್ಷದ ಡಿ.ಎಲ್.ಎಡ್. ತರಬೇತಿಗೆ ಸೇರುವುದಾಗಿ ಹೇಳಿದಳು. ನಮ್ಮ ಅಕ್ಕನವರಿಗೆ ಇದು ಸರಿಬೀಳಲಿಲ್ಲ.

"ಬಿ.ಎಡ್. ಮುಗಿಸಿದಾಕಿ ಮತ್ತ ಸಣ್ಣ ಹುಡುಗರ ಸಾಲಿ ತರಬೇತಿಗೆ ಹೋಗೋದು ಅಂದ್ರ ಹಿಂದಕ್ಕ ನಡದಂಗ ಅಲ್ಲೇನವ್ವಾ?" ಎಂದು ಅವರು ಕೇಳಿದರು.

ಅವಳು ಅತ್ತೆಗೆ ಎದುರು ಮಾತನಾಡಲಿಲ್ಲ. ನಮ್ಮ ಕಡೆ ತಿರುಗಿ, "ದೊಡ್ಡಪ್ಪಾ, ಹೈಸ್ಕೂಲ್ ಹುಡುಗರಿಗೆ ಪಾಠ ಮಾಡೋದು ನಾ ಕಲ್ತೀನಿ. ಓದಾಕ ಬರದ ಕೂಸಿಗೆ ಓದು ಹೆಂಗ ಬರ್ತದ ಅನ್ನೋದು ನನಗ ಗೊತ್ತಿಲ್ಲ. ಅದು ಕಲೀದ ಒಂದನೇ ಕ್ಲಾಸಿಗೆ ಹೆಂಗ ನಿಲ್ಲಲಿ?" ಎಂದಳು.

ಆ ಮಾತಿಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮಾನ್ವಿಯ ಕಡೆಯ ಒಂದು ಒಳ್ಳೆಯ ಸಂಬಂಧ ಆಗ ಬಹುಮಟ್ಟಿಗೆ ಕೂಡಿಬಂದಿತ್ತು. ಇನ್ನೆರಡು ವರ್ಷ ಕಾಯಲು ಆ ಮನೆಯವರಿಗೆ ಅನುಕೂಲವಿರಲಿಲ್ಲ, ಸಂಬಂಧ ತಪ್ಪಿತು. ಆ ವರ್ಷ ಮಳೆಯೂ ಸರಿಯಾಗಿ ಆಗದೆ, ಹತ್ತಿ ಕೈಕೊಟ್ಟು, ತಮ್ಮ ಖರ್ಚಿಗೆ ಸಾಲ ಮಾಡಬೇಕಾಯಿತು. ಇಷ್ಟೆಲ್ಲ ತೂಗಿ ನೋಡಿದ ಮೇಲೂ ಅವನು ಮಗಳ ಮಾತನ್ನೇ ನಡೆಸಿಕೊಟ್ಟನು.

ತರಬೇತಿಯಲ್ಲಿ ಅವಳು ಕಂಡುಂಡದ್ದನ್ನು ನಮಗೆ ಆಗಾಗ ಹೇಳುತ್ತಿದ್ದಳು. ಮಾನ್ವಿ ತಾಲ್ಲೂಕಿನ ಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ಹೋದಾಗ, ತಾಯಿಯೊಬ್ಬಳ ಚಿತ್ರ ತೋರಿಸಿ ಇದು ಯಾರೆಂದು ಮಕ್ಕಳನ್ನು ಕೇಳಿದಳಂತೆ. ಪುಸ್ತಕದಲ್ಲಿದ್ದುದು 'ಅಮ್ಮ'. ಕನ್ನಡದ ಮನೆಯ ಮಕ್ಕಳು 'ಅವ್ವ' ಎಂದರು. ಉರ್ದು ಮಾತಿನ ಮನೆಯ ಹುಡುಗಿ 'ಅಮ್ಮಿ' ಎಂದಳು. ತಾಂಡಾದಿಂದ ಬರುವ ಹುಡುಗ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಮೆಲ್ಲನೆ 'ಯಾಡಿ' ಎಂದನು. ನಾಲ್ಕೂ ಸರಿಯೇ. ಯಾವುದನ್ನೂ ತಪ್ಪೆನ್ನದೆ, ನಾಲ್ಕನ್ನೂ ಕರಿಹಲಗೆಯ ಮೇಲೆ ಬರೆದು, ಅಲ್ಲಿಂದ ಪುಸ್ತಕದ ಮಾತಿಗೆ ಮಕ್ಕಳನ್ನು ನಡೆಸಿಕೊಂಡು ಬರುವುದು ಅವಳು ಆ ದಿನ ಮಾಡಿದ ಪಾಠ. ತಪ್ಪೆಂದು ಹೇಳಿಸಿಕೊಂಡ ಮಗು ಮರುದಿನದಿಂದ ಬಾಯಿ ಬಿಡುವುದಿಲ್ಲ. ಕೆಲವು ತಿಂಗಳಲ್ಲಿ ಶಾಲೆಯನ್ನೇ ಬಿಡುತ್ತದೆ.

ನಮ್ಮ ಸೀಮೆಯ ಒಂದನೆಯ ತರಗತಿಯೆಂದರೆ ಇದು. ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಒಂದೇ ಚಾಪೆಯ ಮೇಲೆ ಕೂಡುತ್ತವೆ. ಹತ್ತಿ ಬಿಡಿಸುವ ಕಾಲಕ್ಕೆ ಹಾಜರಿ ಇಳಿಯುತ್ತದೆ. ದೇವದುರ್ಗದ ಕಡೆಯ ಎಷ್ಟೋ ಸಂಸಾರಗಳು ಬೆಂಗಳೂರು, ಹೈದರಾಬಾದುಗಳಿಗೆ ಗುಳೆ ಹೋಗುವಾಗ ಮಕ್ಕಳೂ ಹೋಗುತ್ತಾರೆ. ಮರಳಿ ಬಂದಾಗ ಅವರು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಕಲಿಕೆಯ ಎಳೆಯನ್ನು ಹಿಡಿಯಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿಕಲಿ ಪದ್ಧತಿ ಇದಕ್ಕೆಂದೇ ಹೇಳಿಮಾಡಿಸಿದಂತಿದೆ. ಅದರಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಒಂದು ಗುಂಪಿಗೆ ಗುರುವಿನ ಪೂರ್ಣ ನೆರವು, ಇನ್ನೊಂದಕ್ಕೆ ಜೊತೆಯ ಮಕ್ಕಳ ನೆರವು, ಮತ್ತೊಂದಕ್ಕೆ ಸ್ವಂತ ಕಲಿಕೆ. ಏಕಕಾಲಕ್ಕೆ ಇವೆಲ್ಲವನ್ನೂ ನಡೆಸುವ ಗುರುವಿಗೆ ಮಗುವಿನ ಮನಸ್ಸು, ಭಾಷೆ ಬೆಳೆಯುವ ಬಗೆ, ಅಂಕೆಯ ಅರ್ಥ ಮೂಡುವ ಕ್ರಮ ಎಲ್ಲವೂ ತಿಳಿದಿರಬೇಕು. ಇದು ಕಡಿಮೆ ಓದಿನ ಕೆಲಸವೆಂದು ಹೇಳುವವರು ಒಂದು ದಿನ ಆ ಕೋಣೆಯಲ್ಲಿ ನಿಂತು ನೋಡಬೇಕು.

ಇದರ ಮಹತ್ವವನ್ನು ಅಂಕಿಗಳೂ ಹೇಳುತ್ತವೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡಾ 59.56, ಹೆಣ್ಣುಮಕ್ಕಳದು 48.73 ಮಾತ್ರ. ಅಂದು ಅಕ್ಷರವಿಲ್ಲದಿದ್ದ ಎಷ್ಟೋ ತಾಯಂದಿರ ಮಕ್ಕಳು ಇಂದು ಶಾಲೆಯಲ್ಲಿದ್ದಾರೆ. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದ ಮಗುವಿಗೆ ಒಂದನೆಯ ತರಗತಿಯ ಗುರುವೇ ಎಲ್ಲ. ಅಲ್ಲಿ ಓದು ಹಿಡಿಯದಿದ್ದರೆ ಮುಂದಿನ ವಿಶ್ವವಿದ್ಯಾಲಯಗಳೆಲ್ಲ ಆ ಮಗುವಿನ ಪಾಲಿಗೆ ದೂರದ ಬೆಟ್ಟವೇ ಸರಿ.

ಹಾಗಾದರೆ ಎಳೆಯ ಮಕ್ಕಳ ಗುರುವಿನ ತರಬೇತಿಯೇ ಒಂದು ಪೂರ್ಣ ಪದವಿಯಾಗಬಾರದೇಕೆ? ಈ ವಿಚಾರ ಹೊಸದಲ್ಲ. ಶಿಕ್ಷಕರ ತರಬೇತಿಯು ವಿಶ್ವವಿದ್ಯಾಲಯದ ಜೀವನದಿಂದ ಬೇರೆಯಾಗಿ ಉಳಿಯಬಾರದೆಂದು 1964–66ರ ಕೊಠಾರಿ ಆಯೋಗವೇ ಹೇಳಿತ್ತು. 1994ರಲ್ಲಿ ದೆಹಲಿ ವಿಶ್ವವಿದ್ಯಾಲಯ ಪ್ರಾಥಮಿಕ ಶಿಕ್ಷಕರಿಗಾಗಿಯೇ ನಾಲ್ಕು ವರ್ಷದ ಬಿ.ಎಲ್.ಎಡ್. ಪದವಿಯನ್ನು ಆರಂಭಿಸಿತು. ನಮ್ಮ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಷಯ ಜ್ಞಾನವನ್ನೂ ಶಿಕ್ಷಣ ಶಾಸ್ತ್ರವನ್ನೂ ಕೂಡಿಸಿದ ನಾಲ್ಕು ವರ್ಷದ ಪದವಿ ದಶಕಗಳಿಂದ ನಡೆದುಬಂದಿತು. ಅದು ಪ್ರೌಢಶಾಲೆಗೆ ಸಂಬಂಧಿಸಿದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಪದವಿಯೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂದು ಗುರಿಯಿಟ್ಟಿತು. ಪಿ.ಯು.ಸಿ. ಆದೊಡನೆ ಸೇರುವ ಈ ಪದವಿಯಲ್ಲಿ ಎಳೆಯ ಮಕ್ಕಳ ಹಂತಕ್ಕೂ ಪ್ರತ್ಯೇಕ ಸಿದ್ಧತೆಗೆ ಅವಕಾಶವಿದೆ. ದೇಶದ ಆಯ್ದ ಸಂಸ್ಥೆಗಳಲ್ಲಿ ಇದು 2023–24ರಿಂದ ಆರಂಭವಾಯಿತು. ಕರ್ನಾಟಕ ಸರ್ಕಾರ ತನ್ನದೇ ಶಿಕ್ಷಣ ನೀತಿಗಾಗಿ 2023ರಲ್ಲಿ ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿ, 2025ರ ಆಗಸ್ಟ್‌ನಲ್ಲಿ ಅದರ ವರದಿಯನ್ನು ಪಡೆದಿದೆ. ನೀತಿ ಯಾವುದೇ ಇರಲಿ, ರಾಯಚೂರಿನಂಥ ಜಿಲ್ಲೆಗೆ ಇಂಥ ಪದವಿ ಮೊದಲು ಬರಬೇಕು, ಕೊನೆಗಲ್ಲ ಎಂಬುದು ನಮ್ಮ ಬೇಡಿಕೆ. ನಾಲ್ಕು ವರ್ಷದಲ್ಲಿ ಮುಗಿಯಬಹುದಾಗಿದ್ದ ದಾರಿಗೆ ನಮ್ಮ ಮಗಳು ಏಳು ವರ್ಷ ಸವೆಸಿದ್ದಾಳೆ. ಎಲ್ಲ ತಂದೆಗಳೂ ಅಷ್ಟು ಕಾಲ ತಾಳಲಾರರು.

ಅಂಥ ಪದವಿ ಹತ್ತಿರ ಬರುವವರೆಗೆ ಮಕ್ಕಳನ್ನು ಈ ವೃತ್ತಿಗೆ ಕಳುಹಿಸಬೇಕೆಂಬ ಮನೆಗಳು ಕೆಲವು ಸಂಗತಿಗಳನ್ನು ನೆನಪಿಡುವುದು ಹಿತ. ಮಗನೋ ಮಗಳೋ ಯಾವ ವಯಸ್ಸಿನ ಮಕ್ಕಳಿಗೆ ಕಲಿಸಬಯಸುತ್ತಾರೆಂಬುದನ್ನು ಪಿ.ಯು.ಸಿ. ಮುಗಿಯುವ ಮುನ್ನವೇ ಕೇಳಿ ತಿಳಿಯಿರಿ. ಒಂದರಿಂದ ಐದರ ತರಗತಿಗಳಾದರೆ ಡಿ.ಎಲ್.ಎಡ್. ತರಬೇತಿ ಬೇಕು. ನಮ್ಮ ಜಿಲ್ಲೆಯಲ್ಲಿ ಯರಮರಸ್‌ನಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ ಇದರ ವಿವರಗಳನ್ನು ವಿಚಾರಿಸಬಹುದು. ಆರರಿಂದ ಎಂಟರ ತರಗತಿಗಳಾದರೆ ಪದವಿಯೊಡನೆ ಡಿ.ಎಲ್.ಎಡ್. ಅಥವಾ ಬಿ.ಎಡ್. ಇರಬೇಕು. ಎರಡಕ್ಕೂ ಶಿಕ್ಷಕರ ಅರ್ಹತಾ ಪರೀಕ್ಷೆ ತಪ್ಪದು. ಮೊದಲನೆಯದಕ್ಕೆ ಒಂದನೆಯ ಪತ್ರಿಕೆ, ಎರಡನೆಯದಕ್ಕೆ ಎರಡನೆಯ ಪತ್ರಿಕೆ. ಯಾವ ಕಾಲೇಜಿಗೆ ಹಣ ಕಟ್ಟುವ ಮೊದಲೂ ಅದಕ್ಕೆ ರಾಷ್ಟ್ರೀಯ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಕಾಗದ ನೋಡಿ ಖಚಿತಪಡಿಸಿಕೊಳ್ಳಿ.

ನಮ್ಮ ಮಗಳ ತರಬೇತಿ ಮುಗಿದಿದೆ. ಮುಂದಿನ ನೇಮಕಾತಿಯನ್ನು ಅವಳು ಕಾಯುತ್ತಿದ್ದಾಳೆ. ತಮ್ಮನ ಸಾಲ ಇನ್ನೂ ತೀರಿಲ್ಲ. ಕೆಲಸ ಎಂದು ದೊರೆಯುವುದೋ ಹೇಳಲಾಗದು. ಆದರೂ ಅವಳು ಹಿಂದಕ್ಕೆ ನಡೆದಳೆಂದು ಇಂದು ನಮ್ಮ ಅಕ್ಕನವರೂ ಹೇಳುವುದಿಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಾವೆಲ್ಲರೂ ಮಕ್ಕಳಿಗೆ ಹೇಳಿಕೊಡುವವರು. ಪ್ರೌಢಶಾಲೆಯ ಗುರು ದೊಡ್ಡವರು, ಪ್ರಾಥಮಿಕ ಶಾಲೆಯ ಗುರು ಚಿಕ್ಕವರು ಎಂಬ ಎಣಿಕೆ ಆ ಮಾತಿನೊಡನೆ ಹೊಂದುವುದಿಲ್ಲ. ಇನ್ನು ಮುಂದೆ ಮನೆಯ ಮಗುವನ್ನು ಒಂದನೆಯ ತರಗತಿಗೆ ಸೇರಿಸಲು ಹೋದಾಗ, ಅಲ್ಲಿನ ಅಕ್ಕೋರು ಯಾವ ತರಬೇತಿ ಪಡೆದವರೆಂದು ಆದರದಿಂದ ವಿಚಾರಿಸೋಣ. ಒಳ್ಳೆಯ ಗುರುವಾದವರು ಆ ಪ್ರಶ್ನೆಯನ್ನು ಗೌರವವೆಂದೇ ತಿಳಿಯುತ್ತಾರೆ.