ಹೊಸ ದೀಪ ಕೊಟ್ಟು ಹಳೆಯ ದೀಪ

ಅಲ್ಲಾವುದ್ದೀನನ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. “ಹಳೆಯ ದೀಪಕ್ಕೆ ಹೊಸ ದೀಪ!” ಎಂದು ಕೂಗುತ್ತ ಬಂದ ಮಾಂತ್ರಿಕನನ್ನು ಕಂಡು ಬೀದಿಯ ಹುಡುಗರೆಲ್ಲ ನಕ್ಕರಂತೆ. ಐದು ವರ್ಷವೂ ತುಂಬದ ಮೋಟಾರ್ ಸೈಕಲ್ಲನ್ನು ಕೊಟ್ಟು, ನಲವತ್ತು ವರ್ಷದ ಹಳೆಯದೊಂದನ್ನು ಮನೆಗೆ ತರುತ್ತೇನೆಂದು ಹೇಳಿದಾಗ ನಮ್ಮ ಮನೆಯಲ್ಲಿಯೂ ಅದೇ ನಗು ಎದ್ದಿತು. ಹಳೆಯ ಜರಿಸೀರೆ ಕೊಟ್ಟು ಹೊಸ ಪಾತ್ರೆ ಕೊಳ್ಳುವುದು ಲೋಕರೂಢಿ. ಪಾತ್ರೆ ಕೊಟ್ಟು ಹಳೆಯ ಸೀರೆ ತಂದವರುಂಟೆ?

ಆದರೆ ಈ ಹಳೆಯ ಗಾಡಿ ಮೈಸೂರಿನ ಕೂಸು. ಯಾದವಗಿರಿಯ ಹೆಸರು ಹೇಳಿದರೆ ಇಂದಿನವರಿಗೆ ಆಕಾಶವಾಣಿ ನೆನಪಾಗುತ್ತದೆ, ಆರ್. ಕೆ. ನಾರಾಯಣರ ಮನೆ ನೆನಪಾಗುತ್ತದೆ. ಹಳೆಯ ಮೈಸೂರಿಗರಿಗೆ ಮಾತ್ರ ಅದು ಜಾವಾ ಕಾರ್ಖಾನೆಯ ಬಡಾವಣೆ. ಮುಂಬಯಿಯ ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಅವರು ಚೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು ಇಲ್ಲಿ ತಯಾರಿಸತೊಡಗಿದರು. 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರು. 1973ರಿಂದ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ, ದೂರಪ್ರಯಾಣ ಬಯಸುವವರು ಕಣ್ಣಿಟ್ಟು ನೋಡುವಂತಹ ರೋಡ್‌ಕಿಂಗ್ ಹೊರಬಂದಿತು. ಸಿಲಿಂಡರು ಒಂದೇ, ಹೊಗೆಕೊಳವೆಗಳು ಮಾತ್ರ ಎರಡು. 250 ಸಿಸಿಯ ಟೂ-ಸ್ಟ್ರೋಕ್ ಯಂತ್ರ. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಇತ್ತೀಚೆಗೆ, 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ಡಿ ಎಂಬ ಹೆಸರೂ ಮಾರುಕಟ್ಟೆಗೆ ಮರಳಿ ಬಂದಿವೆ. ಆದರೆ ಅವು ಬೇರೆ ಕುಲದ ಯಂತ್ರಗಳು. ಹಳೆಯದರ ಆ ‘ಟಣ್ ಟಣ್’ ಅವುಗಳ ಕಂಠಕ್ಕೆ ಬಾರದು.

ನಾನು ಹೇಳುತ್ತಿರುವ ರೋಡ್‌ಕಿಂಗಿನ ಒಡೆಯರು ರೈಲ್ವೆ ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾದ ಹಿರಿಯರು. ನಾವೆಲ್ಲ ಅವರನ್ನು ರಾಯರು ಎಂದೇ ಕರೆಯುವುದು. 1985ರಲ್ಲಿ ಕೊಂಡ ಗಾಡಿ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ದು ನೋಂದಣಿ ನವೀಕರಿಸಬೇಕಷ್ಟೆ. ಅದನ್ನೂ ಒಮ್ಮೆಯೂ ತಪ್ಪಿಸಿದವರಲ್ಲ. ಇಂತಹ ರಾಯರ ಬಲಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಇನ್ನು ಕಿಕ್ ಹೊಡೆಯುವಂತಿಲ್ಲವೆಂದು ವೈದ್ಯರ ಅಪ್ಪಣೆ. ಗಾಡಿ ಎರಡು ವರ್ಷ ಹೊದಿಕೆಯ ಕೆಳಗೆ ನಿಂತಿತು. ತಿಂಗಳಿಗೊಂದು ಸೋಮವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ನಂಜನಗೂಡಿಗೆ ಹೋಗುವ ಪದ್ಧತಿಯೂ ನಿಂತಿತು. ಬೆಂಗಳೂರಿನ ಮಗ, “ಗುಜರಿಗಾದರೂ ಹಾಕಿ, ಟ್ಯಾಕ್ಸಿಯಲ್ಲಿ ಹೋಗಿಬನ್ನಿ” ಎಂದನಂತೆ. ರಾಯರು ಮಗನಿಗೆ ಉತ್ತರ ಕೊಡಲಿಲ್ಲ. ನನಗೆ ಹೇಳಿದರು: “ಟ್ಯಾಕ್ಸಿಯಲ್ಲಿ ಕೂತರೆ ನಾನು ಸಾಮಾನು. ಗಾಡಿಯ ಮೇಲೆ ಕೂತರೆ ಮನುಷ್ಯ.”

ನನ್ನ ಬಳಿಯಲ್ಲಿದ್ದುದು ಗುಂಡಿ ಒತ್ತಿದರೆ ಓಡುವ 350 ಸಿಸಿಯ ಹೊಸ ಗಾಡಿ. ಸೀಟು ತಗ್ಗು, ಎರಡು ಚಕ್ರಕ್ಕೂ ಡಿಸ್ಕ್ ಬ್ರೇಕು. ಅದರಲ್ಲಿ ದೋಷ ಹುಡುಕುವುದು ಕಷ್ಟ. ನನಗೆ ಬೇಸರ ಬಂದುದೂ ಅದರಿಂದಲೇ ಇರಬೇಕು. ಇನ್ನೂರು ಕಿಲೋಮೀಟರ್ ಹೋಗಿಬಂದರೂ ದಾರಿಯಲ್ಲಿ ಒಬ್ಬರೊಡನೆಯೂ ಮಾತಾಡುವ ಪ್ರಸಂಗ ಒದಗುತ್ತಿರಲಿಲ್ಲ. ಹೀಗಿರಲು ನಮ್ಮ ಅದಲುಬದಲಿನ ಮಾತು ಹುಟ್ಟಿತು. ಬೆಲೆಯ ಅಂತರಕ್ಕೆ ರಾಯರು ಮೇಲೊಂದಿಷ್ಟು ಹಣ ಕೊಟ್ಟರು. ಅಂತಿಮ ತೀರ್ಪು ಮಾತ್ರ ಅಮ್ಮನವರದು. ಅವರು ಹೊಸ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಸೀರೆ ಗಾರ್ಡ್ ಎಲ್ಲಿ? ಕಾಲಿಡುವುದೆಲ್ಲಿ?” ಎಂದು ಕೇಳಿದರು. ಒಂದು ಪಕ್ಕಕ್ಕೆ ತಿರುಗಿ ಕೂರುವವರಿಗೆ ಅದರಲ್ಲಿ ಏನೂ ಇರಲಿಲ್ಲ. ಅವೆರಡನ್ನೂ ಹಾಕಿಸಿಕೊಟ್ಟ ಮೇಲೆಯೇ ಒಪ್ಪಂದ ಮುಗಿದದ್ದು.

ಕಾಗದಪತ್ರ ಬದಲಾಗಿ ಬಂದ ಮೇಲೆ ಜೊತೆಯಾಗಿ ನಂಜನಗೂಡಿನವರೆಗೆ ಹೋಗುವುದೆಂದು ನಿಶ್ಚಯವಾಯಿತು. ಹೊರಡುವ ಮುನ್ನ ರಾಯರು ನನಗೆ ಪಾಠ ಹೇಳಿದರು. ಈ ಗಾಡಿಯಲ್ಲಿ ಗೇರು ಹಾಕುವ ಸನ್ನೆಯೇ ಕಿಕ್ ಹೊಡೆಯುವ ಸನ್ನೆ: ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ, ಒದೆಯಬೇಕು, ಓಡತೊಡಗಿದ ಮೇಲೆ ಸ್ವಸ್ಥಾನಕ್ಕೆ ತಂದು ಅದರಲ್ಲಿಯೇ ಗೇರು ಹಾಕಬೇಕು. ಇಂತಹ ಮಿತವ್ಯಯ ನಮ್ಮ ಅಜ್ಜಿಯಂದಿರ ಅಡಿಗೆಮನೆಯಲ್ಲಿ ಮಾತ್ರ ಕಂಡದ್ದು. ನಾಲ್ಕನೆಯ ಒದೆತಕ್ಕೆ ಯಂತ್ರ ಓಗೊಟ್ಟಿತು. ರಾಯರ ಬಲಗಾಲು ನಿಂತಲ್ಲಿಯೇ ಸಣ್ಣಗೆ ಅಲುಗಿದ್ದನ್ನು ನಾನು ನೋಡಿದೆ, ನೋಡದವನಂತಿದ್ದೆ.

ನಂಜನಗೂಡು ಮೈಸೂರಿಗೆ ಸುಮಾರು 25 ಕಿಲೋಮೀಟರ್. ಅಗಲವಾದ ಹೆದ್ದಾರಿಯಲ್ಲಿ ರಾಯರ ಹೊಸ ಗಾಡಿ ಮುಂದೆ. ಅಮ್ಮನವರ ಸೆರಗು ಒಂದು ದಿಕ್ಸೂಚಿಯಂತೆ ನನಗೆ ಕಾಣುತ್ತಿತ್ತು. ಅರವತ್ತರ ವೇಗ ದಾಟಿದರೆ ಹಿಡಿಕೆಯ ಕಂಪನ ಮೊಣಕೈವರೆಗೆ ಏರುತ್ತದೆ. ಡ್ರಮ್ ಬ್ರೇಕಾದ್ದರಿಂದ ನಿಲ್ಲಿಸುವ ಯೋಚನೆಯನ್ನು ಸಾಕಷ್ಟು ಮೊದಲೇ ಮಾಡಬೇಕು. ಹಿಂದೆ ಬರುವವರಿಗೆ ನೀಲಿ ಹೊಗೆ. ಹಳೆಯದೆಲ್ಲ ಹೊನ್ನೆಂದು ಹೇಳುವವರು ಆ ಹೊಗೆಯ ಹಿಂದೆ ಹತ್ತು ನಿಮಿಷ ಬಂದು ನೋಡಲಿ.

ಕಬಿನಿಯ ದಡದಲ್ಲಿ ರಾಯರು ಗಾಡಿ ನಿಲ್ಲಿಸಿದರು. ದಳವಾಯಿ ದೇವರಾಜರ ಕಾಲದಲ್ಲಿ, 1735ರಲ್ಲಿ ಕಟ್ಟಿದ ಹಳೆಯ ಕಲ್ಲಿನ ಸೇತುವೆ ಅಲ್ಲಿದೆ. ಎತ್ತಿನ ಗಾಡಿಗಾಗಿ ಕಟ್ಟಿದ್ದರ ಮೇಲೆ ಮುಂದೆ ರೈಲನ್ನೂ ಓಡಿಸಿದರು. ರಸ್ತೆ ಒಂದು ಮಗ್ಗುಲು, ಹಳಿ ಒಂದು ಮಗ್ಗುಲು. ಈಗ ಅದಕ್ಕೆ ವಿಶ್ರಾಂತಿ; ರೈಲಿಗೂ ರಸ್ತೆಗೂ ಬೇರೆ ಸೇತುವೆಗಳಾಗಿವೆ. ರೈಲ್ವೆಯವರಲ್ಲವೆ, ರಾಯರು ಆ ಕಂಬಗಳನ್ನು ಬಹಳ ಹೊತ್ತು ನೋಡಿದರು. “ಕಟ್ಟಿದವನಿಗೆ ರೈಲೆಂದರೇನೆಂದು ತಿಳಿದಿರಲಿಲ್ಲ. ಆದರೂ ಹೊತ್ತಿತು ನೋಡಿ” ಎಂದರು.

ದೇವಸ್ಥಾನದಲ್ಲಿ ಅಮ್ಮನವರ ಸಂಕಲ್ಪ ದೀರ್ಘವಾಗಿತ್ತು. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣಿನ ಬೇನೆ ಇಲ್ಲಿ ವಾಸಿಯಾಯಿತೆಂದೂ, ಅಂದಿನಿಂದ ಸ್ವಾಮಿಗೆ ಹಕೀಂ ನಂಜುಂಡನೆಂಬ ಹೆಸರು ಬಂದಿತೆಂದೂ ಪ್ರತೀತಿ. ಆನೆಯ ಕಣ್ಣಿಗೆ ಮದ್ದು ಕೊಟ್ಟವನಿಗೆ ರಾಯರ ಮೊಣಕಾಲು ಯಾವ ಲೆಕ್ಕ? ಹೊರಗೆ ರಸಬಾಳೆಯ ಹೆಸರಿನಲ್ಲಿ ಹಣ್ಣು ಮಾರುತ್ತಿದ್ದರು. ಸೊರಗು ರೋಗಕ್ಕೆ ಸಿಕ್ಕಿ ನಿಜವಾದ ನಂಜನಗೂಡು ರಸಬಾಳೆಯ ತೋಟಗಳು ವಿರಳವಾಗಿವೆ. ಹೆಸರಿಗೆ ಮರುಳಾಗದೆ ಮೂಗಿಗೆ ಹಿಡಿದು ನೋಡಿ ಕೊಳ್ಳುವುದು ಲೇಸು.

ಅವರಿಬ್ಬರೂ ಮೈಸೂರಿಗೆ ಹಿಂದಿರುಗಿದರು. ನಾನು ದಕ್ಷಿಣಕ್ಕೆ ಹೊರಟೆ. ಬೇಗೂರಿನ ಬಳಿಯ ಬಂಕಿನಲ್ಲಿ ಮೊದಲು ಅಳತೆಯ ಎಣ್ಣೆ, ಅದರ ಮೇಲೆ ಪೆಟ್ರೋಲು. ಟೂ-ಸ್ಟ್ರೋಕ್ ಯಂತ್ರದಲ್ಲಿ ಪೆಟ್ರೋಲಿನೊಡನೆ ಬೆರೆತ ಎಣ್ಣೆಯೇ ಒಳಗಿನ ಭಾಗಗಳಿಗೆ ಜಿಡ್ಡು. ಮರೆತರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ನಾನು ಗಾಡಿಯನ್ನು ಅತ್ತಿತ್ತ ಕುಲುಕುವುದನ್ನು ಕಂಡು ಬಂಕಿನ ಹುಡುಗ, “ಔಷಧಿ ಕುಡಿಸ್ತಾ ಇದೀರಾ ಸಾರ್?” ಎಂದು ಕೇಳಿದನು. ಸರತಿಯಲ್ಲಿದ್ದ ರೈತರೊಬ್ಬರು ತಮ್ಮ ಮದುವೆಯ ದಿಬ್ಬಣಕ್ಕೆ ಇಂತಹದೇ ಗಾಡಿ ಬಂದಿತ್ತೆಂದು ಹೇಳಿ, ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ ಹೋದರು.

ಗುಂಡ್ಲುಪೇಟೆಯ ಸುತ್ತ ಚೆಂಡುಹೂವಿನ ಹೊಲಗಳು. ಆ ಬಣ್ಣವನ್ನು ವರ್ಣಿಸಲಾರೆ. ಅರಿಶಿನ ಕಲಸಿದ ತಟ್ಟೆಯನ್ನು ಯಾರೋ ಬಯಲಿಗೆ ಚೆಲ್ಲಿದಂತಿತ್ತು ಎಂದಷ್ಟೇ ಹೇಳಬಲ್ಲೆ. ಊರ ಸಂತೆಯ ಗದ್ದಲದಲ್ಲಿ ತೆವಳಿಕೊಂಡು ಹೋಗುವಾಗ ಗಾಡಿ ಕೆಮ್ಮಿ ನಿಂತಿತು. ನಿಧಾನದ ಓಟದಲ್ಲಿ ಎಣ್ಣೆ ಪೂರ್ತಿ ಉರಿಯದೆ ಪ್ಲಗ್ಗಿನ ತುದಿಗೆ ಮಸಿ ಕಟ್ಟುವುದು ಈ ಕುಲದ ಜಾಡ್ಯ. ಟಾರ್ಪಾಲಿನ ಕೆಳಗೆ ಪಂಪುಸೆಟ್ಟು ಬಿಚ್ಚಿಕೊಂಡು ಕೂತಿದ್ದ ಮುದುಕ ಮೆಕ್ಯಾನಿಕ್ಕನು ನಾನು ಹೇಳುವ ಮೊದಲೇ ಪಾನಾ ಹಿಡಿದು ಎದ್ದು ಬಂದನು. ಪ್ಲಗ್ಗು ಬಿಚ್ಚಿ, ಉಜ್ಜುಕಾಗದದಿಂದ ತಿಕ್ಕಿ, ಊದಿ, ಮತ್ತೆ ಕೂರಿಸಿದನು. ಹಣ ಎಷ್ಟೆಂದು ಕೇಳಿದರೆ, “ಒಂದು ಸಲ ನಾನು ಕಿಕ್ ಹೊಡೀತೀನಿ, ಸಾಕು” ಎಂದನು. ಒಂದೇ ಒದೆತಕ್ಕೆ ಓಡಿತು. ನನಗೆ ತುಸು ಹೊಟ್ಟೆಕಿಚ್ಚಾಯಿತೆಂದರೆ ಸುಳ್ಳಲ್ಲ.

ಗುಂಡ್ಲುಪೇಟೆಯಲ್ಲಿ ದಾರಿ ಕವಲಾಗುತ್ತದೆ. ಒಂದು ವಯನಾಡಿಗೆ, ಒಂದು ಊಟಿಗೆ. ಊಟಿಯ ದಾರಿ ಹಿಡಿದು ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲು. ಮೇಲಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಸರ್ಕಾರಿ ಬಸ್ಸಿನಲ್ಲಿಯೇ ಹೋಗಬೇಕು. ಕಾಡಿನ ದೃಷ್ಟಿಯಿಂದ ಅದು ಯೋಗ್ಯವಾದ ನಿಯಮ. 1454 ಮೀಟರ್ ಎತ್ತರದ ಆ ಗುಡಿಯ ಅಂಗಳದಲ್ಲಿ ಮಂಜು ಸರಿದಾಗ ಕಣಿವೆಯ ಆಚೆ ನಾಲ್ಕು ಆನೆಗಳು ಹುಲ್ಲುಗಾವಲಿನಲ್ಲಿ ಕರಿಯ ಬಂಡೆಗಳಂತೆ ನಿಂತಿದ್ದವು. ಮಂಜು ಮತ್ತೆ ಮುಚ್ಚಿತು.

ಬಂಡೀಪುರದ ಕಾಡುದಾರಿಗಳು 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತವೆ. ನನಗೆ ಆ ಕಾಡು ದಾಟಬೇಕಿರಲಿಲ್ಲ. ಆದರೆ ರೋಡ್‌ಕಿಂಗಿನ ದೀಪವನ್ನು ನಂಬಿ ಕತ್ತಲಲ್ಲಿ ಬರುವ ಧೈರ್ಯವೂ ಇರಲಿಲ್ಲ. ಹೊತ್ತಿರುವಾಗಲೇ ಹೊರಟು ದೀಪ ಹಚ್ಚುವ ಹೊತ್ತಿಗೆ ಮೈಸೂರು ಸೇರಿದೆನು.

ವಾರದ ನಂತರ ಅಮ್ಮನವರೇ ದೂರವಾಣಿಯಲ್ಲಿ ಮಾತಾಡಿದರು. ರಾಯರು ಎರಡು ಸಲ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದರಂತೆ. ಗಾಡಿ ಚೆನ್ನಾಗಿದೆಯಂತೆ. ಆದರೆ ಒಂದು ತಕರಾರು. “ಮೊದಲು ಬೀದಿಯ ತಿರುವಿನಲ್ಲಿ ಸದ್ದು ಕೇಳಿದ ಕೂಡಲೇ ಕಾಫಿಗೆ ನೀರಿಡುತ್ತಿದ್ದೆ. ಈಗ ಬಾಗಿಲು ತಟ್ಟುವವರೆಗೂ ಇವರು ಬಂದದ್ದೇ ತಿಳಿಯುವುದಿಲ್ಲ. ನೀವು ಈ ಕಡೆ ಬಂದಾಗ ತಿರುವಿನಲ್ಲಿ ಒಮ್ಮೆ ಜೋರಾಗಿ ಬನ್ನಿಪ್ಪಾ, ಇಬ್ಬರಿಗೂ ಇಡುತ್ತೇನೆ.”